ದುರ್ಗದ ಗರಸಿಗೂ ಕಚೇರಿ ದಾರಿಗೂ ಒಂದೇ ಸೈಕಲ್ ಸಾಕೇ?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಬ್ಯಾಂಕ್ ನೌಕರ. ವಯಸ್ಸು 33, ಎತ್ತರ 5 ಅಡಿ 6 ಅಂಗುಲ, ತೂಕ 78 ಕೆ.ಜಿ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಮನೆಯಿಂದ ಕಚೇರಿಗೆ ಹೋಗಿಬರಲು ದಿನಕ್ಕೆ 11 ಕಿ.ಮೀ. ಆಗುತ್ತದೆ. ಭಾನುವಾರ ಜೋಗಿಮಟ್ಟಿ ಕಡೆ, ಗಾಳಿಯಂತ್ರಗಳಿರುವ ಗುಡ್ಡಗಳ ಮಣ್ಣುದಾರಿಯಲ್ಲಿ ಓಡಿಸುವ ಆಸೆ. ಹೆಲ್ಮೆಟ್, ಪಂಪು ಎಲ್ಲ ಸೇರಿ 30 ಸಾವಿರ ಇಟ್ಟುಕೊಂಡಿದ್ದೇನೆ. ಗೆಳೆಯನೊಬ್ಬ ಡಬಲ್ ಶಾಕ್ ಸೈಕಲ್ ತಗೋ ಅನ್ನುತ್ತಾನೆ, ಅಂಗಡಿಯವರು ಸಪೂರ ಟೈರಿನ ಹೈಬ್ರಿಡ್ ತೋರಿಸುತ್ತಾರೆ, ನನ್ನ ಮಗಳಿಗೆ ದಪ್ಪ ಟೈರಿನದೇ ಬೇಕಂತೆ. ಯಾವುದು ತಗೊಳ್ಳಲಿ?

ಉತ್ತರ: ಮುಂದೆ ಮಾತ್ರ ಶಾಕ್ ಇರುವ, 29 ಇಂಚಿನ ಚಕ್ರದ, ಅಲ್ಯೂಮಿನಿಯಂ ಫ್ರೇಮಿನ, ಡಿಸ್ಕ್ ಬ್ರೇಕಿನ ಸೈಕಲ್ ತಗೊಳ್ಳಿ. ಈ ಬಗೆಯನ್ನು ಹಾರ್ಡ್‌ಟೇಲ್ ಅನ್ನುತ್ತಾರೆ. ಹೆಸರಿಗಿಂತ ಮುಖ್ಯವಾದದ್ದು ಆರಿಸುವ ಕ್ರಮ. ವಾರಕ್ಕೆ ಐದು ದಿನದ ಕಚೇರಿ ಓಡಾಟ ಅಂದರೆ 55 ಕಿ.ಮೀ. ಭಾನುವಾರದ ಮಣ್ಣುದಾರಿ ಎಷ್ಟೇ ಹುಮ್ಮಸ್ಸಿನಲ್ಲಿ ಹೋದರೂ ಹದಿನೈದು ಇಪ್ಪತ್ತು ದಾಟುವುದಿಲ್ಲ. ಆದರೆ ಸೈಕಲ್ ಮುರಿಯುವುದು, ಸವಾರ ಬೀಳುವುದು ಆ ಹದಿನೈದರಲ್ಲೇ. ಹಾಗಾಗಿ ಆಮೇಲೆ ಬದಲಾಯಿಸಲಾಗದ ಭಾಗಗಳನ್ನು ಗುಡ್ಡಕ್ಕೆ ತಕ್ಕಂತೆ ಆರಿಸಿ. ಫ್ರೇಮು, ಚಕ್ರದ ಅಳತೆ, ಹಿಂದಿನ ಹಬ್ಬು (ಚಕ್ರದ ನಡುವಿನ ಭಾಗ), ಬ್ರೇಕ್ ಕೂರುವ ಜಾಗ ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಟೈರು, ದೀಪ, ಮಡ್‌ಗಾರ್ಡ್, ಕ್ಯಾರಿಯರ್ ಇವನ್ನು ಕಚೇರಿ ದಾರಿಗೆ ತಕ್ಕಂತೆ ಯಾವಾಗ ಬೇಕಾದರೂ ಬದಲಿಸಬಹುದು. ಅಂಗಡಿಯಲ್ಲಿ ಬಣ್ಣ, ಸ್ಟಿಕ್ಕರ್, ‘21 ಗೇರ್’ ಎಂಬ ದೊಡ್ಡಕ್ಷರ ಕಂಡಾಗ ಇದೊಂದನ್ನು ಮರೆಯಬೇಡಿ.

ಗೆಳೆಯರ ಡಬಲ್ ಶಾಕ್ ವಿಚಾರ ಮೊದಲು ಮುಗಿಸೋಣ. ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ ನಿಜಕ್ಕೂ ಅದ್ಭುತ ವಸ್ತು, ಆದರೆ ಅದರ ಬೆಲೆ ಲಕ್ಷಗಳಲ್ಲಿ. 15–20 ಸಾವಿರಕ್ಕೆ ಸಿಗುವ ಡಬಲ್ ಶಾಕಿನ ಹಿಂಭಾಗದಲ್ಲಿ ಇರುವುದು ಬರೀ ಸ್ಪ್ರಿಂಗು. ಸ್ಪ್ರಿಂಗಿನ ಪುಟಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಡ್ಯಾಂಪರ್ ಅದರಲ್ಲಿರುವುದಿಲ್ಲ. ಕಲ್ಲಿನ ಮೇಲೆ ಹಾರಿದರೆ ಅದು ನಿಮ್ಮನ್ನು ಇನ್ನೊಮ್ಮೆ ಎತ್ತಿ ಹಾಕುತ್ತದೆ. ಏರಿನಲ್ಲಿ ಒಂದೊಂದು ತುಳಿತಕ್ಕೂ ಸೀಟು ಕುಸಿದು, ಕಾಲಿನ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗು ಒತ್ತುವುದಕ್ಕೇ ಹೋಗುತ್ತದೆ. ಇದರ ಮೇಲೆ 18 ಕೆ.ಜಿ. ಆಸುಪಾಸಿನ ತೂಕ. ಹಿಂದಿನ ಕೀಲುಗಳು ಸಡಿಲವಾದರೆ ಬುಷ್ ಸಿಗುವುದೂ ಕಷ್ಟ. ದಪ್ಪ ಟೈರಿನ ಫ್ಯಾಟ್ ಬೈಕ್ ಮರಳಿಗೆ, ಹಿಮಕ್ಕೆ ಅಂತ ಹುಟ್ಟಿದ್ದು. ನಾಲ್ಕು ಇಂಚಿನ ಆ ಟೈರನ್ನು ಡಾಂಬರಿನ ಮೇಲೆ ದಿನಾ 11 ಕಿ.ಮೀ. ತಳ್ಳಿಕೊಂಡು ಹೋದರೆ ತಿಂಗಳೊಳಗೆ ನೀವು ಮತ್ತೆ ಸ್ಕೂಟರ್ ಕೀ ಹುಡುಕುತ್ತೀರಿ. ಮಗಳಿಗೆ ಬೇಕಾದರೆ ಹ್ಯಾಂಡಲ್‌ಗೆ ಒಂದು ಒಳ್ಳೆಯ ಬೆಲ್ ಕೊಡಿಸಿ ರಾಜಿ ಮಾಡಿಕೊಳ್ಳಿ.

ಅಂಗಡಿಯವರ ಹೈಬ್ರಿಡ್ ಸಲಹೆ ಮಾತ್ರ ತಳ್ಳಿಹಾಕುವಂಥದ್ದಲ್ಲ. ಭಾನುವಾರದ ಆಸೆ ಆಸೆಯಾಗಿಯೇ ಉಳಿಯುತ್ತದೆ ಎಂದು ನಿಮಗೇ ಒಳಗೊಳಗೆ ಅನುಮಾನವಿದ್ದರೆ ಹೈಬ್ರಿಡ್ಡೇ ಸರಿ, ಹಗುರ, ವೇಗ. ಆದರೆ ದುರ್ಗದ ಸುತ್ತಿನ ನೆಲ ಅದಕ್ಕೆ ಹೇಳಿಮಾಡಿಸಿದ್ದಲ್ಲ. ಇಲ್ಲಿ ಗಟ್ಟಿ ಕೆಂಪು ನೆಲದ ಮೇಲೆ ಗರಸು, ನೊರಜುಗಲ್ಲು ಹರಡಿರುತ್ತದೆ. ಭೂವಿಜ್ಞಾನಿಗಳು ‘ಚಿತ್ರದುರ್ಗ ಶಿಸ್ಟ್ ಪಟ್ಟಿ’ ಎಂದು ಕರೆಯುವ ಪುರಾತನ ಶಿಲಾಪಟ್ಟಿ ಇದು. ಪದರು ಪದರಾಗಿ ಒಡೆಯುವ ಆ ಕಲ್ಲಿನ ಚೂರುಗಳ ಅಂಚು ಹರಿತ. ಹೈಬ್ರಿಡ್ಡಿನ ಸಪೂರ ಟೈರು ಅಂಥ ಇಳಿಜಾರಿನಲ್ಲಿ ಜಾರುತ್ತದೆ, ಇಲ್ಲವೇ ಪಕ್ಕದಲ್ಲಿ ಸೀಳುತ್ತದೆ. ಗಾಳಿ ಕಡಿಮೆ ಹಾಕಿ ನೆಲಕ್ಕೆ ಅಂಟಿಸಿಕೊಂಡು ಓಡಿಸಲು 2.1 ರಿಂದ 2.25 ಇಂಚು ಅಗಲದ ಟೈರು ಬೇಕು.

ಈಗ 29 ಯಾಕೆ ಅಂದರೆ, ದೊಡ್ಡ ಚಕ್ರ ಕಲ್ಲು, ಗುಂಡಿ ದಾಟುವಾಗ ಕಡಿಮೆ ಕುಕ್ಕುತ್ತದೆ. ಇದು ಎಲ್ಲರೂ ಹೇಳುವ ಕಾರಣ. ನಿಮಗೆ ಇನ್ನೂ ಒಂದು ಲಾಭವಿದೆ. 29 ಇಂಚಿನ ರಿಮ್ಮಿನ ಟೈರು ಕೂರುವ ವ್ಯಾಸ 622 ಮಿ.ಮೀ. ಹೈಬ್ರಿಡ್, ರೋಡ್ ಸೈಕಲ್‌ಗಳ 700ಸಿ ಚಕ್ರದ ವ್ಯಾಸವೂ ಅದೇ 622. ಹಾಗಾಗಿ ಮುಂದೊಂದು ದಿನ ಮಣ್ಣಿನ ಗೀಳು ಇಳಿದು ಕಚೇರಿ ಓಡಾಟ ಮಾತ್ರ ಉಳಿದರೆ, 40 ಮಿ.ಮೀ. ನುಣುಪು ಟೈರು ಎರಡು ತಂದು ಹಾಕಿ, ಇದೇ ಸೈಕಲ್ ಹೈಬ್ರಿಡ್ ಆಗುತ್ತದೆ. 27.5ಕ್ಕೆ (584 ಮಿ.ಮೀ.) ಈ ಅನುಕೂಲ ಕಡಿಮೆ. ಐದು ಅಡಿ ಎರಡು ಅಂಗುಲಕ್ಕಿಂತ ಕುಳ್ಳಗಿರುವವರಿಗೆ ಮಾತ್ರ ನಾನು 27.5 ಹೇಳುವುದು. 26 ಇಂಚು ಈಗ ಹಳತಾಯಿತು. ಟೈರು ಸಿಗುತ್ತದೆ, ಒಳ್ಳೆಯ ಟೈರು ಸಿಗುವುದಿಲ್ಲ.

ನಿಮ್ಮ ತೂಕಕ್ಕೆ ನಾನು ತುಂಬ ಗಮನ ಕೊಡುವ ಜಾಗ ಹಿಂದಿನ ಹಬ್ಬು. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ಏಳು ಹಲ್ಲುಚಕ್ರಗಳಿರುವ ಅಗ್ಗದ ಸೈಕಲ್‌ಗಳಲ್ಲಿ ಹಳೆಯ ಕಾಲದ ತಿರುಪಿನ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ಒಳಗಡೆಗೆ ಸರಿದು ಕೂತಿರುತ್ತದೆ. ಅದರಾಚೆ ಆಕ್ಸಲ್‌ನ ಉದ್ದನೆಯ ತುಂಡು ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. 78 ಕೆ.ಜಿ. ಸವಾರ ಮಣ್ಣುದಾರಿಯಲ್ಲಿ ಕುಕ್ಕಿಸಿಕೊಂಡು ಹೋದರೆ ಆ ಆಕ್ಸಲ್ ಬಾಗುತ್ತದೆ, ಒಮ್ಮೊಮ್ಮೆ ಮುರಿಯುತ್ತದೆ. ಕ್ಯಾಸೆಟ್ (ಹಬ್ಬಿಗೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಮತ್ತು ಅದನ್ನು ಹೊರುವ ಫ್ರೀಹಬ್ ಇರುವ ಚಕ್ರದಲ್ಲಿ ಬೇರಿಂಗ್ ಹೊರಅಂಚಿಗೆ ಹತ್ತಿರವಿರುವುದರಿಂದ ಈ ತೊಂದರೆ ಇಲ್ಲ. ಹಿಂದೆ ಒಂಬತ್ತು ಅಥವಾ ಹೆಚ್ಚು ಗೇರ್ ಇದ್ದರೆ ಬಹುಮಟ್ಟಿಗೆ ಕ್ಯಾಸೆಟ್ಟೇ. ಎಂಟರಲ್ಲಿ ಎರಡೂ ಬಗೆ ಇರುತ್ತವೆ. ‘ಇದು ಕ್ಯಾಸೆಟ್ಟಾ, ಫ್ರೀವೀಲಾ?’ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಗೇರ್‌ಗಳ ಒಟ್ಟು ಎಣಿಕೆ ಏನೂ ಹೇಳುವುದಿಲ್ಲ. ಅತಿ ಹಗುರ ಗೇರ್ ಎಷ್ಟು ಹಗುರ ಅನ್ನುವುದೇ ಪ್ರಶ್ನೆ. ಜೋಗಿಮಟ್ಟಿ ರಸ್ತೆಯ ಕಡಿದಾದ ತಿರುವನ್ನು, ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿ ಎಂದೇ ಇಟ್ಟುಕೊಂಡು ಲೆಕ್ಕ ಹಾಕೋಣ. ಮುಂದೆ 32 ಹಲ್ಲು, ಹಿಂದೆ ದೊಡ್ಡದು 34 ಹಲ್ಲು ಇರುವ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ನೀವು ಹೆಚ್ಚುಕಡಿಮೆ 2.1 ಮೀಟರ್ ಮುಂದೆ ಹೋಗುತ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 7.7 ಕಿ.ಮೀ. ನಿಮ್ಮದು, ಸೈಕಲ್‌ನದು, ನೀರು ಚೀಲದ್ದು ಸೇರಿ 95 ಕೆ.ಜಿ.ಯನ್ನು ಆ ವೇಗದಲ್ಲಿ ಎತ್ತಲು ಸುಮಾರು 200 ವ್ಯಾಟ್ ಬೇಕು. ಅಷ್ಟು ವರ್ಷದ ಮೇಲೆ ಸೈಕಲ್ ಹತ್ತುವವರಿಗೆ ಅದು ಎರಡು ಮೂರು ನಿಮಿಷದ ಮಾತು, ಆಮೇಲೆ ಇಳಿದು ತಳ್ಳುವುದೇ. ಮುಂದೆ 22, ಹಿಂದೆ 34 ಇದ್ದರೆ ಅದೇ ತುಳಿತದಲ್ಲಿ 5.3 ಕಿ.ಮೀ. ವೇಗ, ಸುಮಾರು 140 ವ್ಯಾಟ್. ಏದುಸಿರಾದರೂ ಏರುತ್ತೀರಿ. ಆದ್ದರಿಂದ ಮುಂದೆ ಮೂರು ಹಲ್ಲುಚಕ್ರ ಇದ್ದರೆ ಚಿಕ್ಕದು 22–24 ಹಲ್ಲಿನದಿರಲಿ. ಮುಂದೆ ಒಂದೇ ಇದ್ದರೆ ಹಿಂದಿನ ದೊಡ್ಡದು 42ಕ್ಕೆ ಕಡಿಮೆ ಬೇಡ, 46 ಇದ್ದರೆ ಒಳ್ಳೆಯದು. ಮುಂದೆ ಒಂದೇ ಹಲ್ಲುಚಕ್ರ ಇರುವುದು ನನಗೆ ಇಷ್ಟ. ಗೇರ್ ಬದಲಿಸುವ ಗೊಂದಲವಿಲ್ಲ, ಚೈನು ಬೀಳುವುದು ಕಡಿಮೆ. ಊರೊಳಗೆ ವೇಗ ಸಾಲದು ಅನ್ನುವ ಭಯ ಬೇಡ. 32ಕ್ಕೆ 11ರ ಜೋಡಿಯಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 32 ಕಿ.ಮೀ. ಬರುತ್ತದೆ. ಬಿ.ಡಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜೋರು ಹೋಗುವ ಅಗತ್ಯ ಯಾರಿಗೂ ಇಲ್ಲ.

ಗೇರ್ ಕಂಪನಿಗಳ ಶ್ರೇಣಿ ಗೊತ್ತಿರಲಿ. ಶಿಮಾನೋದಲ್ಲಿ ಕೆಳಗಿನಿಂದ ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್. 2023ರಲ್ಲಿ ಬಂದ ‘ಕ್ಯೂಸ್’ ಸರಣಿ ಈ ನಡುವಿನವುಗಳ ಜಾಗ ಹಿಡಿಯುತ್ತಿದೆ. ಮೈಕ್ರೊಶಿಫ್ಟ್ ಕೂಡ ಕೆಟ್ಟದ್ದಲ್ಲ, ಅದರ ಅಡ್ವೆಂಟ್ ಒಂಬತ್ತು ಗೇರ್ ಸೆಟ್ಟು ನಿಮ್ಮ ಬಗೆಯ ಸವಾರರಿಗೇ ಮಾಡಿದಂತಿದೆ. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಂದನ್ನು ಮಾತ್ರ ದುಬಾರಿಯದು ಹಾಕಿ, ಉಳಿದೆಲ್ಲ ಅಗ್ಗದ್ದು ತುಂಬುವುದು ಸೈಕಲ್ ಕಂಪನಿಗಳ ಹಳೆಯ ವರಸೆ. ಗ್ರಾಹಕ ಬಗ್ಗಿ ನೋಡುವುದು ಅದನ್ನೇ ಎಂದು ಅವರಿಗೂ ಗೊತ್ತು.

ಮುಂದಿನ ಶಾಕ್ ವಿಷಯದಲ್ಲಿ ನಿರೀಕ್ಷೆ ಕಡಿಮೆ ಇರಲಿ. ಈ ಬೆಲೆಗೆ ಸಿಗುವುದು 80–100 ಮಿ.ಮೀ. ಚಲನೆಯ ಉಕ್ಕಿನ ಸ್ಪ್ರಿಂಗ್ ಫೋರ್ಕು, ಅದೊಂದೇ ಎರಡೂವರೆ ಕೆ.ಜಿ. ಹತ್ತಿರ. ಲಾಕ್‌ಔಟ್ ಇರಲೇಬೇಕು. ಡಾಂಬರಿಗೆ ಬಂದ ಕೂಡಲೇ ಅದನ್ನು ತಿರುಗಿಸಿ ಗಟ್ಟಿ ಮಾಡಿಕೊಳ್ಳಿ. ಶಾಕೇ ಇಲ್ಲದ ಕ್ರೋಮೋಲಿ ಉಕ್ಕಿನ ಫೋರ್ಕು, ಅಗಲ ಟೈರು ಇರುವ ಸೈಕಲ್ ಈ ಬೆಲೆಯ ಶಾಕಿಗಿಂತ ಎಷ್ಟೋ ವಾಸಿ ಎಂಬುದು ನನ್ನ ಮತ. ಆದರೆ ಶಾಕ್ ಇಲ್ಲದ ಎಂಟಿಬಿ (ಮೌಂಟನ್ ಬೈಕ್) ನಮ್ಮ ಊರುಗಳಲ್ಲಿ ಮಾರಾಟವಾಗುವುದಿಲ್ಲ, ಹಾಗಾಗಿ ಅಂಗಡಿಗೂ ಬರುವುದಿಲ್ಲ. ಫ್ರೇಮ್ ನೋಡುವಾಗ ಹ್ಯಾಂಡಲ್ ಕೆಳಗಿನ ಕೊಳವೆ ಬುಡದಲ್ಲಿ ಅಗಲವಾಗುತ್ತಾ ಹೋಗಿದೆಯೇ ಗಮನಿಸಿ. ಹಾಗಿದ್ದರೆ ನಾಳೆ ಗಾಳಿಯೊತ್ತಡದ ಒಳ್ಳೆಯ ಫೋರ್ಕು ಹಾಕಲು ದಾರಿ ಇದೆ. ಈ ದರದಲ್ಲಿ ಅದು ಅಪರೂಪ, ಸಿಕ್ಕರೆ ಬಿಡಬೇಡಿ.

ಬ್ರೇಕು ಡಿಸ್ಕೇ ಆಗಿರಲಿ. ತಂತಿಯದಾದರೂ ನಡೆಯುತ್ತದೆ, ಹೈಡ್ರಾಲಿಕ್ ಸಿಕ್ಕರೆ ಇನ್ನೂ ಸುಖ. ಒಂದೇ ಬೆರಳಲ್ಲಿ ಒತ್ತಬಹುದು. ಗುಡ್ಡದಿಂದ ಇಳಿಯುವಾಗ ಕೈ ಸೋತು ಹೋಗುವುದೇ ಹೊಸಬರ ದೊಡ್ಡ ಅಪಾಯ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ಸೈಕಲ್‌ಗಳನ್ನು ಗುಡ್ಡದ ಮೇಲಿಂದ ಬಿಟ್ಟು ಗುಡ್ಡದ ಸೈಕಲ್ ಸವಾರಿಯ ಈ ಆಟ ಶುರು ಮಾಡಿದವರಿಗೆ ಹಬ್ಬಿನೊಳಗಿನ ಬ್ರೇಕು ಮಾತ್ರ ಇತ್ತು. ಒಂದು ಇಳಿತ ಮುಗಿಯುವಷ್ಟರಲ್ಲಿ ಗ್ರೀಸು ಸುಟ್ಟು ಹೊಗೆ ಬಂದು, ಮತ್ತೆ ಗ್ರೀಸು ತುಂಬಿಕೊಂಡೇ ಮೇಲೆ ಹೋಗಬೇಕಿತ್ತಂತೆ. ಡಿಸ್ಕಿನಲ್ಲೂ ಬ್ರೇಕನ್ನು ಎಳೆದು ಹಿಡಿದೇ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಬಿಡಿ. ಹೊಸ ಡಿಸ್ಕು ಮೊದಲ ದಿನ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ಇಪ್ಪತ್ತು ಬಾರಿ ವೇಗ ಪಡೆದು, ನಿಲ್ಲುವ ಹಂತದವರೆಗೆ ಒತ್ತಿ ಪಳಗಿಸಿಕೊಳ್ಳಿ. ಡಿಸ್ಕಿಗೆ ಎಣ್ಣೆಗೈ ತಾಗಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ, ಇಲ್ಲಿ ಹೊಸಬರು ಸೈಕಲ್ ಮೂಲೆಗೆ ನಿಲ್ಲಿಸುವುದು ಗೇರ್ ಸರಿ ಇಲ್ಲ ಅಂತಲ್ಲ, ಮುಳ್ಳಿಗೆ ಬೇಸತ್ತು. ದುರ್ಗದ ಸೈಕಲ್ ಅಂದರೆ ಮೊದಲು ಮುಳ್ಳಿನ ಲೆಕ್ಕ. ರಸ್ತೆ ಬದಿಯ ಬಳ್ಳಾರಿ ಜಾಲಿಯನ್ನು ಕಡಿದು ಅಲ್ಲೇ ಬಿಟ್ಟಾಗ ಒಣಮುಳ್ಳು ಡಾಂಬರಿಗೆ ಬರುತ್ತದೆ. ಹೊಲದ ಬದು, ಕಾಲುದಾರಿಯಲ್ಲಿ ನೆಗ್ಗಿಲು ಕಾದಿರುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವ ಕಾಯಿ ಅದು. ಭಾರೀ ಟೈರು ಹಾಕಿದರೂ ಇವು ಒಳಗೆ ಬರುತ್ತವೆ.

ಒಳ್ಳೆಯ ಪರಿಹಾರ ಟ್ಯೂಬ್‌ಲೆಸ್. ರಿಮ್ಮೂ ಟೈರೂ ಅದಕ್ಕೆ ತಯಾರಾಗಿದ್ದರೆ ಟೇಪು, ವಾಲ್ವು, ಚಕ್ರಕ್ಕೆ ಸುಮಾರು 100 ಮಿ.ಲೀ. ಸೀಲೆಂಟ್ ಹಾಕಿದರೆ ಮುಗಿಯಿತು. ಮುಳ್ಳು ಚುಚ್ಚಿದ ಕಡೆ ಹಾಲಿನಂಥ ಆ ದ್ರವ ಬಂದು ಹೆಪ್ಪುಗಟ್ಟುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಇನ್ನೂ ಬೇಗ. ಮತ್ತೆ ತುಂಬುತ್ತಿರಬೇಕು. ನಿಮ್ಮ ಬಜೆಟ್ಟಿನ ಸೈಕಲ್‌ಗೆ ಈ ಸೌಲಭ್ಯ ಇರುವುದು ಕಷ್ಟ. ಹಾಗಿದ್ದಾಗ ಎರಡನೇ ದಾರಿ, ಟ್ಯೂಬಿನೊಳಗೇ ಸೀಲೆಂಟ್. ಅದಕ್ಕೆ ಮೋಟಾರ್ ಬೈಕಿನಂಥ ವಾಲ್ವ್ ಇರುವ ಟ್ಯೂಬು ಬೇಕು, ವಾಲ್ವಿನ ಪಿನ್ನು ಬಿಚ್ಚಿ ಸುರಿಯಬಹುದು. ಟ್ಯೂಬಿಗೆಂದೇ ಮಾಡಿದ ಸೀಲೆಂಟ್ ಕೊಳ್ಳಿ, ಪೊಟ್ಟಣದಲ್ಲಿ ಹೇಳಿದಷ್ಟು ಹಾಕಿ. ಟೈರಿಗೂ ಟ್ಯೂಬಿಗೂ ನಡುವೆ ಪ್ಲಾಸ್ಟಿಕ್ ಪಟ್ಟಿ ಹಾಕುವ ಪದ್ಧತಿಯೂ ಇದೆ. ಕೆಲಸ ಮಾಡುತ್ತದೆ, ಆದರೆ ಪಟ್ಟಿಯ ತುದಿಯೇ ಉಜ್ಜಿ ಟ್ಯೂಬು ತೂತಾಗುವುದನ್ನೂ ನೋಡಿದ್ದೇನೆ. ತುದಿಗೆ ಅಂಟುಪಟ್ಟಿ ಸುತ್ತಿ ಹಾಕಿಸಿ.

ಏನೇ ಮಾಡಿದರೂ ಒಂದು ಟ್ಯೂಬು, ಎರಡು ಟೈರ್ ಲಿವರ್, ಪ್ಯಾಚು, ಚಿಕ್ಕ ಪಂಪು ಚೀಲದಲ್ಲಿರಲಿ. ಪಂಕ್ಚರ್ ಹಾಕಿದ ಮೇಲೆ ಟೈರಿನ ಒಳಗಡೆ ಬೆರಳು ಸವರಿ, ಹುಷಾರಾಗಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಮೋಟಾರ್ ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಗಾಳಿ ಹಿಡಿಸುವಾಗ ಒಂದೊಂದು ಕ್ಷಣ ಒತ್ತಿ ಬಿಡಲು ಹೇಳಿ, ಇಲ್ಲದಿದ್ದರೆ ಟ್ಯೂಬು ಸಿಡಿಯುತ್ತದೆ. ಮನೆಗೆ ಗೇಜು ಇರುವ ನಿಲುಪಂಪು ತಂದಿಟ್ಟುಕೊಳ್ಳಿ. ನಿಮ್ಮ ತೂಕಕ್ಕೆ ಟ್ಯೂಬಿರುವ 2.2 ಟೈರಿನಲ್ಲಿ ಮಣ್ಣುದಾರಿಗೆ ಮುಂದೆ 28–30, ಹಿಂದೆ 32–34 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಸೋಮವಾರ ಬೆಳಿಗ್ಗೆ ಅದನ್ನೇ 42ರ ಸುತ್ತ ಏರಿಸಿ. ಇಷ್ಟು ಮಾಡಿದರೆ ಬೇರೆ ಟೈರಿನ ಅಗತ್ಯ ಬಹಳ ದಿನ ಬರುವುದಿಲ್ಲ. ಆರಿಸುವಾಗ ನಡುವೆ ಒತ್ತೊತ್ತಾದ ಸಣ್ಣ ಗುಬಟು, ಅಂಚಿಗೆ ದೊಡ್ಡ ಗುಬಟು ಇರುವ ಟೈರು ನೋಡಿ. ಡಾಂಬರಿನಲ್ಲಿ ಗುಂಯ್‌ಗುಡುವುದು ಕಡಿಮೆ, ತಿರುವಿನಲ್ಲಿ ಹಿಡಿತ ಇರುತ್ತದೆ.

ಕಚೇರಿ ದಾರಿಯಲ್ಲಿ ನಿಮ್ಮ ನಿಜವಾದ ಎದುರಾಳಿ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವ ರಭಸಕ್ಕೇ ಅಲ್ಲವೇ ಗುಡ್ಡದ ಮೇಲೆ ಅಷ್ಟೊಂದು ಯಂತ್ರ ನಿಲ್ಲಿಸಿರುವುದು. ಎದುರುಗಾಳಿಯಲ್ಲಿ ಗೇರ್ ಇಳಿಸಿ, ಮೊಣಕೈ ಮಡಿಸಿ, ಬಗ್ಗಿ ತುಳಿಯಿರಿ. ಬ್ಯಾಗನ್ನು ಬೆನ್ನಿಗಿಂತ ಕ್ಯಾರಿಯರಿಗೆ ಹಾಕುವುದು ವಾಸಿ. ಅದಕ್ಕಾಗಿ ಫ್ರೇಮಿನಲ್ಲಿ ಬೋಲ್ಟಿನ ತೂತುಗಳಿವೆಯೇ ನೋಡಿ. ಡಿಸ್ಕ್ ಬ್ರೇಕ್ ಇರುವಾಗ ಕ್ಯಾರಿಯರ್ ಕೂರುತ್ತದೆಯೇ ಎಂದು ಅಲ್ಲೇ ಹಾಕಿಸಿ ಪರೀಕ್ಷಿಸಿ.

ಮಳೆ ನಮ್ಮಲ್ಲಿ ಕಡಿಮೆ, ಧೂಳು ಹೆಚ್ಚು. ಚೈನಿಗೆ ಗಾಡಿಯ ಎಂಜಿನ್ ಆಯಿಲ್ ಬಿಟ್ಟರೆ ಧೂಳು ಅಂಟಿ ಉಪ್ಪುಕಾಗದದಂತೆ ಹಲ್ಲು ತೇಯುತ್ತದೆ. ತೆಳುವಾದ ಒಣ ಲೂಬ್ ಹಾಕಿ, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ದಾವಣಗೆರೆ, ಜಗಳೂರು ಕಡೆಯ ಎರೆ ನೆಲಕ್ಕೆ ಹೋಗುವುದಾದರೆ ಮಳೆ ಬಂದ ಮಾರನೇ ದಿನ ಬೇಡವೇ ಬೇಡ. ಎರೆಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಸಂದಿಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಒತ್ತಾಯಕ್ಕೆ ತುಳಿದರೆ ಡಿರೇಲರ್ ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಹಗುರ ಅಲ್ಯೂಮಿನಿಯಂನ ಆ ತುಂಡು ಫ್ರೇಮು ಉಳಿಸಲೆಂದೇ ಮುರಿಯುವಂತೆ ಮಾಡಿದ್ದು. ಒಂದೊಂದು ಸೈಕಲ್‌ಗೆ ಒಂದೊಂದು ಆಕಾರ, ಆದ್ದರಿಂದ ಕೊಳ್ಳುವ ದಿನವೇ ಒಂದು ಹೆಚ್ಚಿಗೆ ತರಿಸಿಟ್ಟುಕೊಳ್ಳಿ.

ಅಳತೆ: ನಿಮಗೆ ‘ಎಂ’ ಅಥವಾ 17 ಇಂಚು ಹೊಂದಬೇಕು, ಕೆಲವು ಕಂಪನಿಗಳಲ್ಲಿ ‘ಎಸ್’. ಫ್ರೇಮಿನ ಮೇಲೆ ಕಾಲು ಹಾಕಿ ನಿಂತಾಗ ಮೇಲಿನ ಕೊಳವೆಗೂ ನಿಮಗೂ ಮೂರು ನಾಲ್ಕು ಬೆರಳು ಅಂತರ ಇರಲಿ. ಸೀಟಿನ ಎತ್ತರಕ್ಕೆ ಹಿಮ್ಮಡಿಯನ್ನು ಕೆಳಗಿರುವ ಪೆಡಲ್ ಮೇಲಿಡಿ, ಕಾಲು ಪೂರ್ತಿ ನೆಟ್ಟಗಾಗಬೇಕು. ನಮ್ಮಲ್ಲಿ ಎಲ್ಲರೂ ಕೂತಲ್ಲೇ ಎರಡೂ ಕಾಲು ನೆಲಕ್ಕೆ ಊರುವಷ್ಟು ಸೀಟು ಇಳಿಸಿಕೊಳ್ಳುತ್ತಾರೆ, ಆಮೇಲೆ ಮಂಡಿನೋವಿಗೆ ಸೈಕಲ್ ಬೈಯುತ್ತಾರೆ.

ಹಣದ ವಿಚಾರ. ಸೈಕಲ್‌ಗೆ 24–25 ಸಾವಿರ, ಉಳಿದದ್ದು ಹೆಲ್ಮೆಟ್ (ಯುರೋಪಿನ ಸುರಕ್ಷತಾ ಮಾನದಂಡವಾದ ಇಎನ್ 1078 ಗುರುತು ಇರಲಿ), ದೀಪ, ಪಂಪು, ಬೀಗ, ಸೀಲೆಂಟಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಟ್ರೆಕ್ ಮಾರ್ಲಿನ್, ಜಯಂಟ್ ಟ್ಯಾಲನ್, ಸ್ಕಾಟ್ ಆಸ್ಪೆಕ್ಟ್ ಥರದವು ಹೊಸದಾಗಿ ನಿಮ್ಮ ಕೈಗೆ ಎಟುಕುವುದಿಲ್ಲ. ಆದರೆ 2020ರ ಲಾಕ್‌ಡೌನ್ ಸಮಯದಲ್ಲಿ ಉತ್ಸಾಹದಿಂದ ಕೊಂಡು ಬಾಲ್ಕನಿಯಲ್ಲಿ ನಿಲ್ಲಿಸಿದವರು ಬೆಂಗಳೂರು, ದಾವಣಗೆರೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನಾಗಿದ್ದರೆ ಮೊದಲು ಅಲ್ಲೇ ಹುಡುಕುತ್ತೇನೆ. ಹಳೆಯದು ನೋಡುವಾಗ ಹ್ಯಾಂಡಲ್ ಕೆಳಗಿನ ಬೆಸುಗೆಯ ಸುತ್ತ ಬಣ್ಣ ಬಿರಿದಿದ್ದರೆ ಮುಟ್ಟಬೇಡಿ, ಅದು ಫ್ರೇಮಿನ ಬಿರುಕಿರಬಹುದು. ಫೋರ್ಕಿನ ಹೊಳೆಯುವ ಕಂಬದ ಮೇಲೆ ಗೀರು ಇರಬಾರದು. ಚೈನಿನ 24 ಕೊಂಡಿಗಳನ್ನು ಸ್ಕೇಲಿನಲ್ಲಿ ಅಳೆಯಿರಿ. ಹೊಸದು ಸರಿಯಾಗಿ 12 ಅಂಗುಲ. ಅದಕ್ಕಿಂತ ಅಂಗುಲದ ಎಂಟನೇ ಒಂದು ಪಾಲು ಹೆಚ್ಚಿದ್ದರೆ ಕ್ಯಾಸೆಟ್ಟೂ ಸವೆದಿದೆ ಎಂದು ಹೇಳಿ ಬೆಲೆ ಇಳಿಸಿ.

ಹೊಸದಾದರೆ ಮೊದಲ ತಿಂಗಳ ಸರ್ವಿಸ್ ತಪ್ಪಿಸಬೇಡಿ. ತಂತಿಗಳು ಸಡಿಲವಾಗಿರುತ್ತವೆ, ಕಡ್ಡಿಗಳು ಆಗಷ್ಟೇ ಕೂತಿರುತ್ತವೆ, ರಿಮ್ಮು ಅಂಕುಡೊಂಕಾಗುವುದು ಈ ಹಂತದಲ್ಲೇ. ಅಲ್ಲಿಯವರೆಗೆ ಕಚೇರಿಗೆ ಮಾತ್ರ ಓಡಿಸಿ. ನಂತರದ ಮೊದಲ ಭಾನುವಾರ ಆಡುಮಲ್ಲೇಶ್ವರ ಕಿರು ಮೃಗಾಲಯದವರೆಗೆ ಸಾಕು. ಅಲ್ಲಿಂದ ಮೇಲಿನದು ಜೋಗಿಮಟ್ಟಿ ವನ್ಯಜೀವಿ ಧಾಮ. ಚಿರತೆ, ಕರಡಿ ಇರುವ ಕಾಡು. ಅರಣ್ಯ ಇಲಾಖೆಯ ಗೇಟಿನಲ್ಲಿ ಅನುಮತಿ, ಸಮಯ ಕೇಳಿಯೇ ಹೋಗಬೇಕು, ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೋಗಬಾರದು. ಕೋಟೆಯೊಳಗೆ ಸೈಕಲ್ ಒಯ್ಯುವ ಆಲೋಚನೆ ಬಿಡಿ, ಅದು ಸಂರಕ್ಷಿತ ಸ್ಮಾರಕ. ಗಾಳಿಯಂತ್ರದ ಗುಡ್ಡಗಳ ಮಣ್ಣುರಸ್ತೆಗಳಲ್ಲಿ ಕೆಲವು ಕಂಪನಿಗಳ ಸ್ವಂತದ್ದು, ಕಾವಲುಗಾರರನ್ನು ಒಂದು ಮಾತು ಕೇಳಿ. ಬೇಡ ಅಂದರೆ ಕೆಳಗಿನ ಹಳ್ಳಿಗಳ ಗಾಡಿದಾರಿಗಳಿವೆ. ಗರಸು, ಏರಿಳಿತ, ನೆಗ್ಗಿಲು ಎಲ್ಲವೂ ಅಲ್ಲಿ ಧಾರಾಳ.